ಕುದಿಯುವುದು ನೀರು, ಬೇಯುವುದು ಗಡ್ಡೆ

ಮೂವತ್ತು ವರ್ಷಕ್ಕೂ ಮಿಕ್ಕಿ ಕಾಲೇಜಿನಲ್ಲಿ ಕಾವ್ಯಮೀಮಾಂಸೆಯನ್ನು ಪಾಠ ಹೇಳಿದವನು ನಾನು. ಪಾಕ ಎಂಬ ಮಾತನ್ನು ಎಷ್ಟು ಸಲ ಉಚ್ಚರಿಸಿದ್ದೇನೋ ಲೆಕ್ಕವಿಲ್ಲ. ದ್ರಾಕ್ಷಾಪಾಕ, ನಾರಿಕೇಳಪಾಕ ಎಂದು ಕರಿಹಲಗೆಯ ಮೇಲೆ ಬರೆದು, ಒಂದು ಬಾಯಿಗಿಟ್ಟೊಡನೆ ರಸ ಒಸರುವಂಥದು, ಇನ್ನೊಂದು ಚಿಪ್ಪನ್ನೊಡೆದ ಮೇಲೆ ಮಾತ್ರ ಸಿಹಿ ಕೊಡುವಂಥದು ಎಂದು ವಿವರಿಸಿ, ಗಂಟೆ ಬಾರಿಸಿದೊಡನೆ ಮನೆಗೆ ಬಂದು, ಬಡಿಸಿದ್ದನ್ನು ಉಂಡು ಏಳುತ್ತಿದ್ದೆ. ಬಡಿಸಿದ್ದರ ಪಾಕ ಹೇಗಾಯಿತೆಂದು ಒಂದು ದಿನವೂ ಕೇಳಿದವನಲ್ಲ. ನಿವೃತ್ತನಾದ ಮೇಲೆ ಒಂದು ತಪ್ಪಲೆ ಆಲೂಗಡ್ಡೆ ನನಗೆ ಆ ಪಾಠ ಹೇಳಿತು. ಕನ್ನಡದ ಮೇಷ್ಟರಿಗೆ ಆಲೂಗಡ್ಡೆಯ ಗೊಡವೆ ಏಕೆಂದು ಕೇಳುವವರು ಇರಬಹುದು. ಅವರು ಸ್ವಲ್ಪ ಹೊತ್ತು ತಾಳ್ಮೆಯಿಂದ ಕೇಳಬೇಕೆಂದು ಕೋರುತ್ತೇನೆ.

ನಮ್ಮ ಮನೆ ಹಾಸನದ ಅಂಚಿನಲ್ಲಿದೆ. ಹಿತ್ತಿಲಲ್ಲಿ ಎರಡು ಪಾತಿಯಷ್ಟು ಜಾಗ. ಒಂದು ವರ್ಷ ಜೂನ್ ತಿಂಗಳ ನಡುವಿನಲ್ಲಿ ಬಿತ್ತನೆಯ ಗಡ್ಡೆ ತಂದು ಮೊದಲ ಪಾತಿಯಲ್ಲಿ ನೆಟ್ಟೆ. ಮಿಕ್ಕವನ್ನು ಮೂರು ವಾರ ಬಿಟ್ಟು ಎರಡನೆಯ ಪಾತಿಗೆ ಹಾಕಿದೆ. ಸಾಲಿಗೆ ಮಣ್ಣು ಏರಿಸಿದೆ, ಕಳೆ ಕಿತ್ತೆ, ಹೂ ಬಂದಾಗ ಮನೆಗೆ ಬಂದವರಿಗೆಲ್ಲ ತೋರಿಸಿದೆ. ಗಡ್ಡೆ ಇನ್ನಷ್ಟು ದಪ್ಪವಾಗಲಿ ಎಂಬ ಆಸೆಯಿಂದ ಮೊದಲ ಪಾತಿಯನ್ನು ಸೊಪ್ಪೆಲ್ಲ ಹಳದಿಯಾಗಿ ಒರಗುವವರೆಗೂ ಮುಟ್ಟಲಿಲ್ಲ. ನೂರು ದಿನವಾದ ಮೇಲೆ ಗುದ್ದಲಿ ಹಾಕಿದೆ. ಮಣ್ಣಿನೊಳಗಿಂದ ಒಂದೊಂದೇ ಗಡ್ಡೆ ಮೇಲೆ ಬಂದಾಗ ಆದ ಸಂತೋಷವನ್ನು, ನನ್ನ ಪುಸ್ತಕ ಮೊದಲ ಸಲ ಅಚ್ಚಾಗಿ ಬಂದ ದಿನದ ಸಂತೋಷಕ್ಕೆ ಮಾತ್ರ ಹೋಲಿಸಬಲ್ಲೆ.

ಅದೇ ಮಳೆಗಾಲದಲ್ಲಿ ಹಿತ್ತಿಲ ಮೆಟ್ಟಿಲಿನ ಪಾಚಿಯ ಮೇಲೆ ಕಾಲು ಜಾರಿ ನನ್ನಾಕೆಯ ಬಲಗೈ ಮಣಿಕಟ್ಟು ಮುರಿದಿತ್ತು. ಆರು ವಾರ ಪಟ್ಟಿ ಕಟ್ಟಿರಬೇಕೆಂದರು. ಅಡಿಗೆಮನೆ ನನ್ನ ಪಾಲಿಗೆ ಬಂತು. ಅನ್ನ ಮಾಡುವುದನ್ನು ಹೇಗೋ ಕಲಿತೆ. ನಾವೇ ಬೆಳೆದ ಹೊಸ ಆಲೂಗಡ್ಡೆಯನ್ನು ಇಡಿಯಾಗಿ ಬೇಯಿಸಿ, ಒಗ್ಗರಣೆ ಹಾಕಿ, ಆಕೆಯ ಮುಂದಿಡಬೇಕೆಂಬುದು ನನ್ನ ಸಂಕಲ್ಪ. ಗಡ್ಡೆಗಳನ್ನು ತೊಳೆದು ಸಿಪ್ಪೆ ಹೆರೆದು, ಕೊತಕೊತ ಕುದಿಯುವ ನೀರಿಗೆ ಹಾಕಿ, ಉರಿಯನ್ನು ಪೂರ್ತಿ ಏರಿಸಿ, ಪತ್ರಿಕೆ ಓದುತ್ತ ಕುಳಿತೆ. ಅರ್ಧ ಗಂಟೆ ಕಳೆದು ಮುಚ್ಚಳ ತೆಗೆದರೆ ಮೇಲೆ ಬಿಳಿಯ ಗಂಜಿ, ನಡುವೆ ಅಂಚು ಸವೆದ ತುಂಡುಗಳು, ಆ ತುಂಡುಗಳಲ್ಲಿ ಕೆಲವಕ್ಕೆ ಇನ್ನೂ ನಡುವೆ ಗಟ್ಟಿ! ನೂರು ದಿನದ ಬೆಳೆ ಅರ್ಧ ಗಂಟೆಯಲ್ಲಿ ನೀರುಪಾಲು.

ಆಕೆ ಎದ್ದು ಬಂದು ಎಡಗೈಯಲ್ಲಿ ಸೌಟು ಹಿಡಿದು ತಪ್ಪಲೆಯನ್ನು ಒಮ್ಮೆ ಕಲಕಿ ನೋಡಿದಳು. "ಇದನ್ನ ನೀವು ಬೇಯಿಸಿಲ್ಲ, ಕುದಿಸಿದ್ದೀರಿ ಅಷ್ಟೆ" ಎಂದಳು. ಬೇಸರವಿರಲಿಲ್ಲ, ಹಾಸ್ಯವೂ ಇರಲಿಲ್ಲ. ಇದ್ದುದನ್ನು ಇದ್ದ ಹಾಗೆ ಹೇಳಿದ ಮಾತು. ಮರುದಿನ ಹಾಲು ತಂದ ಪಕ್ಕದ ಹಳ್ಳಿಯ ಅಜ್ಜಿ, ಮೂಲೆಯಲ್ಲಿ ಹರಡಿದ್ದ ಮಿಕ್ಕ ಗಡ್ಡೆಗಳಲ್ಲಿ ಒಂದನ್ನು ಎತ್ತಿಕೊಂಡು ಹೆಬ್ಬೆರಳಿನಿಂದ ಸಿಪ್ಪೆಯನ್ನು ಉಜ್ಜಿದರು. ಸಿಪ್ಪೆ ಜಗ್ಗಲಿಲ್ಲ. "ಇವು ಎಳೇವಲ್ಲ ಮೇಷ್ಟ್ರೇ, ಬಲ್ತೋಗವೆ. ಗಿಡ ಹಸ್ರಾಗಿರೋವಾಗ್ಲೇ ತೆಗೀಬೇಕಿತ್ತು" ಎಂದರು.

ಈ ಎರಡು ಮಾತುಗಳಲ್ಲಿ ನನ್ನ ಎರಡು ತಪ್ಪುಗಳೂ ಇದ್ದವು. ಎಳೆಯದು ಯಾವುದು, ಬಲಿತದ್ದು ಯಾವುದು ಎಂದು ತಿಳಿಯದೆ ಹೋದದ್ದು ಒಂದು. ಬೇಯುವುದಕ್ಕೂ ಕುದಿಯುವುದಕ್ಕೂ ಇರುವ ಅಂತರವನ್ನು ಅರಿಯದೆ ಹೋದದ್ದು ಇನ್ನೊಂದು. ನಾನು ಈ ಹೊತ್ತು ಹೇಳಬೇಕಾದುದೆಲ್ಲ ಇವುಗಳ ವಿವರಣೆಯೇ.

ಪಾಕ ಎಂಬ ಸಂಸ್ಕೃತ ಶಬ್ದಕ್ಕೆ ಬೇಯುವುದು ಎಂಬ ಅರ್ಥವೂ ಉಂಟು, ಮಾಗುವುದು ಎಂಬ ಅರ್ಥವೂ ಉಂಟು. ರಾಜಶೇಖರನು ತನ್ನ ಕಾವ್ಯಮೀಮಾಂಸೆಯಲ್ಲಿ ಒಂಬತ್ತು ಪಾಕಗಳನ್ನು ಹೆಸರಿಸುತ್ತಾನೆ: ಬೇವು, ಎಲಚಿ, ದ್ರಾಕ್ಷಿ, ಬದನೆ, ಹುಣಿಸೆ, ಮಾವು, ಅಡಿಕೆ, ಸೌತೆ, ತೆಂಗು. ಅವೆಲ್ಲ ಒಲೆಯ ಪಾಕಗಳಲ್ಲ, ಗಿಡದ ಮೇಲಣ ಪಾಕಗಳು. ಆ ಪಟ್ಟಿಯಲ್ಲಿ ಆಲೂಗಡ್ಡೆ ಇಲ್ಲ. ಇರುವುದು ಸಾಧ್ಯವೂ ಇರಲಿಲ್ಲ. 11ನೆಯ ಶತಮಾನದ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಅಡಿಗೆಯ ವಿಚಾರವಿದೆ. 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಕನ್ನಡದಲ್ಲಿ 'ಸೂಪಶಾಸ್ತ್ರ'ವನ್ನು ಪದ್ಯರೂಪದಲ್ಲಿಯೇ ಬರೆದ. ಅವರಿಬ್ಬರೂ ಈ ಗಡ್ಡೆಯನ್ನು ಕಂಡವರಲ್ಲ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ಜನ ಸಾವಿರಾರು ವರ್ಷಗಳಿಂದ ಬೆಳೆಯುತ್ತಿದ್ದ ಬೆಳೆ ಅದು. 16ನೆಯ ಶತಮಾನದ ಉತ್ತರಾರ್ಧದಲ್ಲಿ ಯೂರೋಪಿಗೆ ಹೋಗಿ, ಅನಂತರ ನಮ್ಮ ಪಶ್ಚಿಮ ಕರಾವಳಿಗೆ ಬಂತು.

ಬಂದ ದಾರಿಯ ಗುರುತು ಅದರ ಹೆಸರುಗಳಲ್ಲಿ ಉಳಿದಿದೆ. ಕರಾವಳಿಯವರು ಇಂದಿಗೂ ಬಟಾಟೆ ಎನ್ನುತ್ತಾರೆ. ಅದು ಪೋರ್ತುಗೀಸರ ಮಾತು. ಹಳೆಯ ಮೈಸೂರಿನ ಕಡೆಯ ಹಿರಿಯರು ಉರುಳಗಡ್ಡೆ ಎನ್ನುತ್ತಿದ್ದರು. ಉರುಳುವ ಗಡ್ಡೆ ಎಂದು ಆಕಾರ ನೋಡಿ ಕಟ್ಟಿದ ಅಚ್ಚ ದೇಸಿ ಹೆಸರು. ಆಲೂ ಎಂಬುದು ಸಂಸ್ಕೃತದಲ್ಲಿ ಮೊದಲು ಬೇರೆ ಗೆಡ್ಡೆಗೆಣಸುಗಳಿಗಿದ್ದ ಹೆಸರು. ಹೊಸ ಅತಿಥಿ ಬಂದು ಹಳೆಯವರ ಹೆಸರನ್ನು ತನ್ನದಾಗಿಸಿಕೊಂಡಿತು. ನಮ್ಮ ಅನೇಕ ಮನೆಗಳಲ್ಲಿ ಶ್ರಾದ್ಧದ ಅಡಿಗೆಗೆ ಅದನ್ನು ಇಂದಿಗೂ ಸೇರಿಸುವುದಿಲ್ಲ. ಹಬ್ಬದ ಊಟಕ್ಕೆ ಬಂದು, ಪಿತೃಗಳ ಎಲೆಗೆ ಮಾತ್ರ ಹೊರಗಿನದಾಗಿ ಉಳಿದ ತರಕಾರಿ ಇದು.

ಈ ಗಡ್ಡೆಗೆ ಪಾಕದ ಎರಡು ಅರ್ಥಗಳೂ ಸಲ್ಲುತ್ತವೆ. ಮೊದಲನೆಯದು ಮಣ್ಣಿನ ಪಾಕ, ಎರಡನೆಯದು ಬೆಂಕಿಯ ಪಾಕ. ಮಣ್ಣಿನ ಪಾಕ ಎಷ್ಟಾಗಿದೆ ಎಂಬುದನ್ನು ತಿಳಿದು ಬೆಂಕಿಯ ಪಾಕವನ್ನು ನಿರ್ಧರಿಸಬೇಕು. ಒಡೆಯದಂತೆ ಬೇಯಿಸುವ ವಿದ್ಯೆಯ ಸಾರ ಇಷ್ಟೆ.

ಮಣ್ಣಿನ ಪಾಕವನ್ನು ಮೊದಲು ನೋಡೋಣ. ಹಾಸನದ ಸೀಮೆಯಲ್ಲಿ ಮುಂಗಾರಿನ ಆಲೂಗಡ್ಡೆಯನ್ನು ಮೇ-ಜೂನ್ ತಿಂಗಳಲ್ಲಿ ನೆಟ್ಟು ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೆ ಕೀಳುತ್ತಾರೆ. ಬಿತ್ತನೆಯ ಗಡ್ಡೆ ಬಹುಮಟ್ಟಿಗೆ ದೂರದ ಪಂಜಾಬಿನ ಜಲಂಧರದಿಂದ ಬರುತ್ತದೆ. ತಳಿ ಹೆಚ್ಚಾಗಿ ಕುಫ್ರಿ ಜ್ಯೋತಿ. 1949ರಲ್ಲಿ ಪಾಟ್ನಾದಲ್ಲಿ ಸ್ಥಾಪಿತವಾಗಿ 1956ರಲ್ಲಿ ಶಿಮ್ಲಾಕ್ಕೆ ಹೋದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ ಅದನ್ನು 1968ರಲ್ಲಿ ಬಿಡುಗಡೆ ಮಾಡಿತು. ಕುಫ್ರಿ ಎಂಬುದು ಶಿಮ್ಲಾದ ಬಳಿಯ ಒಂದು ಬೆಟ್ಟದೂರು. ಮಾರಾಟಕ್ಕೆ ಬೆಳೆಯುವ ರೈತ ಗಡ್ಡೆಯನ್ನು ಪೂರ್ತಿ ಬಲಿಯಲು ಬಿಡಲೇಬೇಕು. ಇಲ್ಲದಿದ್ದರೆ ಅದು ಚೀಲದಲ್ಲಿ ಉಜ್ಜಿ ಗಾಯವಾಗಿ ಕೊಳೆಯುತ್ತದೆ. ಸೊಪ್ಪು ಒಣಗಿದ ಮೇಲೆ ಅಥವಾ ಕೊಯ್ದ ಮೇಲೆ ಹತ್ತು ಹದಿನೈದು ದಿನ ಗಡ್ಡೆ ಮಣ್ಣಿನಲ್ಲಿಯೇ ಇದ್ದರೆ ಸಿಪ್ಪೆ ಗಟ್ಟಿಯಾಗುತ್ತದೆ. ಹಿತ್ತಿಲಲ್ಲಿ ಬೆಳೆಯುವವನಿಗೆ ಈ ಕಟ್ಟುಪಾಡಿಲ್ಲ. ಪೇಟೆಯಲ್ಲಿ ಅಪರೂಪವಾದ ನಿಜವಾದ ಎಳೆಯ ಗಡ್ಡೆ ಅವನಿಗೆ ದಕ್ಕುವುದು ಈ ಕಾರಣದಿಂದಲೇ. ಆ ಭಾಗ್ಯವನ್ನು ನಾನು ಕೈಯಾರೆ ಕಳೆದುಕೊಂಡಿದ್ದೆ. ಮನೆಯಲ್ಲಿ ಬೆಳೆದದ್ದು, ಇಂದು ಕಿತ್ತದ್ದು ಎಂಬ ಮಾತ್ರಕ್ಕೆ ಗಡ್ಡೆ ಎಳೆಯದಾಗುವುದಿಲ್ಲ.

ಎಳೆಯದರ ಗುರುತು ಹಾಲಿನ ಅಜ್ಜಿ ತೋರಿಸಿಕೊಟ್ಟದ್ದೇ: ಹೆಬ್ಬೆರಳಿನಿಂದ ಉಜ್ಜಿದರೆ ಸಿಪ್ಪೆ ಕಾಗದದ ಹಾಗೆ ಸುಲಿದು ಬರಬೇಕು. ಗಿಡ ಹೂಬಿಟ್ಟು ಮುಗಿದು, ಎಲೆ ಇನ್ನೂ ಹಸಿರಾಗಿರುವಾಗ, ನೆಟ್ಟು ಅರವತ್ತೈದರಿಂದ ಎಂಬತ್ತು ದಿನದೊಳಗೆ ಅಂಥ ಗಡ್ಡೆ ಸಿಕ್ಕುತ್ತದೆ. ಗಿಡವನ್ನು ಕೀಳಲೇಬೇಕೆಂದೂ ಇಲ್ಲ. ಏರಿಸಿದ ಮಣ್ಣನ್ನು ಪಕ್ಕದಿಂದ ಕೈಯಲ್ಲಿ ಸರಿಸಿ, ನಿಂಬೆಹಣ್ಣಿನ ಗಾತ್ರದವನ್ನು ನಾಲ್ಕಾರು ತೆಗೆದುಕೊಂಡು, ಮತ್ತೆ ಮಣ್ಣು ಮುಚ್ಚಿದರೆ ಉಳಿದವು ಬೆಳೆಯುತ್ತಲೇ ಇರುತ್ತವೆ. ಮಣ್ಣು ಸರಿಯಾಗಿ ಮುಚ್ಚುವುದನ್ನು ಮಾತ್ರ ಮರೆಯಬಾರದು. ಬಿಸಿಲು ಕಂಡ ಗಡ್ಡೆ ಹಸಿರಾಗುತ್ತದೆ. ಹಸಿರಾದ ಕಡೆ ಸೊಲನೈನ್ ಎಂಬ ಕಹಿಯಾದ ವಿಷ ಸೇರಿರುತ್ತದೆ. ಅದು ಬೇಯಿಸಿದರೂ ಹೋಗುವಂಥದಲ್ಲ. ಹಸಿರಾದ ಭಾಗವನ್ನು ದಪ್ಪವಾಗಿ ಕೊಯ್ದು ತೆಗೆಯಬೇಕು. ಹೆಚ್ಚು ಹಸಿರಾಗಿದ್ದರೆ ಗಡ್ಡೆಯನ್ನೇ ಬಿಸಾಡಬೇಕು.

ಎಳೆಯದಕ್ಕೂ ಬಲಿತದ್ದಕ್ಕೂ ಒಳಗಿರುವ ಅಂತರವೇನು? ಗಡ್ಡೆಯಲ್ಲಿ ಮುಕ್ಕಾಲು ಪಾಲಿಗೂ ಮಿಗಿಲು ನೀರು; ಉಳಿದುದರಲ್ಲಿ ಬಹುಭಾಗ ಪಿಷ್ಟ. ಗಡ್ಡೆ ಎಳೆಯದಾಗಿದ್ದಾಗ ಸಕ್ಕರೆಯ ಅಂಶ ತುಸು ಹೆಚ್ಚು, ಪಿಷ್ಟ ಕಡಿಮೆ. ಬಲಿಯುತ್ತ ಬಲಿಯುತ್ತ ಎಲೆಯಿಂದ ಇಳಿದ ಸಕ್ಕರೆ ಪಿಷ್ಟವಾಗಿ ಮಾರ್ಪಟ್ಟು, ಸಣ್ಣ ಸಣ್ಣ ಕಣಗಳಾಗಿ ಜೀವಕೋಶಗಳಲ್ಲಿ ತುಂಬಿಕೊಳ್ಳುತ್ತದೆ. ಇಟ್ಟಿಗೆಯ ಗೋಡೆಯೊಂದನ್ನು ನೆನೆದುಕೊಳ್ಳಿ. ಒಂದೊಂದು ಜೀವಕೋಶವೂ ಒಂದು ಇಟ್ಟಿಗೆ. ಇಟ್ಟಿಗೆಗೂ ಇಟ್ಟಿಗೆಗೂ ನಡುವಣ ಗಾರೆ ಪೆಕ್ಟಿನ್ ಎಂಬ ಅಂಟು. ಗಡ್ಡೆಗೆ ಕಾವು ತಗುಲಿದಾಗ ಎರಡು ಕೆಲಸ ನಡೆಯುತ್ತದೆ. ಸುಮಾರು 60ರಿಂದ 70 ಡಿಗ್ರಿ ಶಾಖದಲ್ಲಿ ಪಿಷ್ಟದ ಕಣಗಳು ನೀರು ಹೀರಿ ಉಬ್ಬುತ್ತವೆ. ಇಟ್ಟಿಗೆ ಒಳಗಿನಿಂದ ಊದಿಕೊಳ್ಳುತ್ತದೆ. ಶಾಖ ಇನ್ನೂ ಏರಿ ಕುದಿಯ ಹತ್ತಿರ ಬಂದಾಗ ಗಾರೆ ಕರಗತೊಡಗುತ್ತದೆ. ಗಾರೆ ಸ್ವಲ್ಪ ಕರಗಿದರೆ ಗಡ್ಡೆ ಮೆತ್ತಗಾಯಿತು, ಬೆಂದಿತು ಎನ್ನುತ್ತೇವೆ. ಪೂರ್ತಿ ಕರಗಿ, ಒಳಗಿನಿಂದ ಊದಿದ ಇಟ್ಟಿಗೆಗಳು ಒಂದನ್ನೊಂದು ದೂಡಿದರೆ ಗೋಡೆ ಕುಸಿಯುತ್ತದೆ, ಒಡೆಯಿತು ಎನ್ನುತ್ತೇವೆ. ಬಲಿತ ಗಡ್ಡೆಯಲ್ಲಿ ಪಿಷ್ಟ ಹೆಚ್ಚಾದ್ದರಿಂದ ದೂಡುವ ಬಲ ಹೆಚ್ಚು. ಎಳೆಯದು ಸಹಜವಾಗಿಯೇ ಆಕಾರವನ್ನು ಉಳಿಸಿಕೊಳ್ಳುತ್ತದೆ.

ತಳಿಯ ಗುಣವೂ ಇದರಲ್ಲಿ ಸೇರುತ್ತದೆ. ಕೆಲವು ತಳಿಗಳ ಗಡ್ಡೆ ಬೆಂದಾಗ ಹಿಟ್ಟುಹಿಟ್ಟಾಗುತ್ತದೆ. ಕೆಲವು ಮೇಣದಂತೆ ನುಣುಪಾಗಿ ಉಳಿಯುತ್ತದೆ. ನಮ್ಮ ಕೈಯಲ್ಲಿರುವುದು ಯಾವ ಬಗೆಯದೆಂದು ತಿಳಿಯಲು ಸುಲಭವಾದ ಪರೀಕ್ಷೆಯೊಂದಿದೆ. ಒಂದು ಬಟ್ಟಲು ಉಪ್ಪಿಗೆ ಹನ್ನೊಂದು ಬಟ್ಟಲು ನೀರು ಸೇರಿಸಿ ಕರಗಿಸಿ, ಅದರಲ್ಲಿ ಗಡ್ಡೆಯನ್ನು ಬಿಡಬೇಕು. ಪಿಷ್ಟ ತುಂಬಿದ್ದು ಭಾರವಾಗಿ ಮುಳುಗುತ್ತದೆ. ಮೇಣದ ಗುಣದ್ದು ತೇಲುತ್ತದೆ. ತೇಲಿದ್ದನ್ನು ಇಡಿಯಾಗಿ ಬೇಯಿಸಬಹುದು. ಮುಳುಗಿದ್ದನ್ನು ಬೋಂಡಕ್ಕೋ ಮಸಾಲೆದೋಸೆಯ ಪಲ್ಯಕ್ಕೋ ಕಳಿಸುವುದು ಕ್ಷೇಮ. ನನ್ನ ಮೊದಲ ಪಾತಿಯ ಗಡ್ಡೆಗಳೆಲ್ಲ ಕಲ್ಲಿನ ಹಾಗೆ ಮುಳುಗಿದವು. ಒಡೆಯುವುದು ಅವುಗಳ ಧರ್ಮವಾಗಿತ್ತು. ಒಡೆಯಬೇಡಿ ಎಂದು ಕೇಳಿದ್ದು ನನ್ನ ತಪ್ಪು.

ಇನ್ನು ಬೆಂಕಿಯ ಪಾಕ. ಕನ್ನಡ ಭಾಷೆ ಈ ವಿಷಯದಲ್ಲಿ ತುಂಬ ಸ್ಪಷ್ಟವಾಗಿದೆ. ಕುದಿಯುವುದು ನೀರು, ಬೇಯುವುದು ಗಡ್ಡೆ. ಎರಡಕ್ಕೂ ಬೇರೆಬೇರೆ ಕ್ರಿಯಾಪದಗಳನ್ನು ನಮ್ಮ ಹಿರಿಯರು ಇಟ್ಟಿದ್ದಾರೆ. ನೀರು ಕುದಿಯಲು ತೊಡಗಿದ ಮೇಲೆ ಉರಿಯನ್ನು ಎಷ್ಟು ಏರಿಸಿದರೂ ಅದರ ಶಾಖ ಏರುವುದಿಲ್ಲ. ಸಮುದ್ರದ ಮಟ್ಟದಲ್ಲಿ ಅದು 100 ಡಿಗ್ರಿ; ಎತ್ತರದಲ್ಲಿರುವ ಹಾಸನದಲ್ಲಿ ಸುಮಾರು 97. ಹೆಚ್ಚಿನ ಉರಿ ಕೊಡುವುದು ಕಾವನ್ನಲ್ಲ, ಗಲಾಟೆಯನ್ನು. ನೀರು ಗಡ್ಡೆಗಳನ್ನು ಎತ್ತಿ ಎತ್ತಿ ಹಾಕುತ್ತದೆ, ಒಂದಕ್ಕೊಂದು ತಾಗಿಸುತ್ತದೆ, ಪಾತ್ರೆಗೆ ಬಡಿಯುತ್ತದೆ. ಹೊರಪದರದ ಗಾರೆ ಅದಾಗಲೇ ಕರಗಿರುವುದರಿಂದ ಅಂಚು ಸವೆದು ಗಂಜಿಯಾಗುತ್ತದೆ. ಒಳಗೆ ಕಾವು ಇನ್ನೂ ಮುಟ್ಟಿಯೇ ಇರುವುದಿಲ್ಲ. ಮೇಲೆ ಗಂಜಿ, ನಡುವೆ ಗಟ್ಟಿ ಎಂಬ ನನ್ನ ತಪ್ಪಲೆಯ ವಿಚಿತ್ರಕ್ಕೆ ಇದೇ ಕಾರಣ. ಗಡ್ಡೆ ಒಡೆಯುವುದು ಬೆಂದುದರಿಂದಲ್ಲ, ಹೊರಗೂ ಒಳಗೂ ಒಂದೇ ಹೊತ್ತಿಗೆ ಬೇಯದೆ ಹೋದುದರಿಂದ.

ಆದ್ದರಿಂದ ಮಾಡಬೇಕಾದುದು ಇಷ್ಟು. ಒಂದೇ ಗಾತ್ರದವನ್ನು ಆರಿಸಿಕೊಳ್ಳಬೇಕು; ಹಿರಿಯದು ಬೇಯುವಷ್ಟರಲ್ಲಿ ಕಿರಿಯದು ಕರಗಬಾರದು. ಸಿಪ್ಪೆ ಹೆರೆಯಬಾರದು. ಎಳೆಯ ಗಡ್ಡೆಯನ್ನು ಒರಟು ಬಟ್ಟೆಯಲ್ಲಿ ಉಜ್ಜಿ ತೊಳೆದರೆ ಸಾಕು. ಸಿಪ್ಪೆಯೇ ಅದಕ್ಕೆ ಚೀಲ. ಬೇಕಾದರೆ ಬೆಂದ ಮೇಲೆ ಸುಲಿಯಬಹುದು. ಅಗಲವಾದ ಪಾತ್ರೆಯಲ್ಲಿ ಒಂದೇ ಪದರವಾಗಿ ಹರಡಿ, ಒಂದು ಬೆರಳು ಮೇಲೆ ನಿಲ್ಲುವಷ್ಟು ತಣ್ಣೀರು ಹೊಯ್ದು, ರುಚಿಗೆ ಉಪ್ಪು ಹಾಕಿ, ಸಣ್ಣ ಉರಿಯಲ್ಲಿ ಇಡಬೇಕು.

ತಣ್ಣೀರೇ ಏಕೆ ಎಂದರೆ, ನಿಧಾನವಾಗಿ ಕಾಯುವ ನೀರಿನಲ್ಲಿ ಹೊರಗೂ ಒಳಗೂ ಕಾವು ಹೆಚ್ಚುಕಡಿಮೆ ಜೊತೆಯಾಗಿ ಏರುತ್ತದೆ. ಇನ್ನೊಂದು ಲಾಭವೂ ಇದೆ. ಸುಮಾರು 55ರಿಂದ 65 ಡಿಗ್ರಿಯವರೆಗಿನ ಶಾಖದಲ್ಲಿ ಗಡ್ಡೆಯೊಳಗಿನ ಒಂದು ಕಿಣ್ವ ಎಚ್ಚೆತ್ತು ಪೆಕ್ಟಿನ್ನನ್ನು ತುಸು ಮಾರ್ಪಡಿಸುತ್ತದೆ. ಮಾರ್ಪಟ್ಟ ಪೆಕ್ಟಿನ್ನಿಗೆ ಗಡ್ಡೆಯಲ್ಲಿರುವ ಕ್ಯಾಲ್ಸಿಯಂ ಬೆಸೆದುಕೊಂಡು ಗಾರೆ ಬಿಗಿಯಾಗುತ್ತದೆ. ಹೀಗೆ ಒಮ್ಮೆ ಬಿಗಿದ ಗಾರೆ ಮುಂದೆ ಕುದಿಯ ಶಾಖದಲ್ಲಿಯೂ ಸುಲಭವಾಗಿ ಬಿಡುವುದಿಲ್ಲ. ಆ ಶಾಖದಲ್ಲಿ ಇಪ್ಪತ್ತು ಮೂವತ್ತು ನಿಮಿಷ ಇಟ್ಟು ಅನಂತರ ಬೇಯಿಸಿದರೆ ಹಿಟ್ಟಾಗುವ ತಳಿಯೂ ಬಹುಮಟ್ಟಿಗೆ ಮೈ ಉಳಿಸಿಕೊಳ್ಳುತ್ತದೆ. ಕುದಿಯುವ ನೀರಿಗೆ ಎತ್ತಿಹಾಕಿದವನು ಈ ಹಂತವನ್ನು ಹಾರಿಬಿಡುತ್ತಾನೆ. ಎಳೆಯ ಗಡ್ಡೆಯನ್ನು ಕುದಿನೀರಿಗೇ ಹಾಕಬೇಕೆನ್ನುವ ಸಂಪ್ರದಾಯವೂ ಕೆಲವು ದೇಶಗಳಲ್ಲಿದೆ. ನೆಲ್ಲಿಕಾಯಿಯಷ್ಟು ಚಿಕ್ಕದಾದರೆ ಒಳಗೆ ಕಾವು ಬೇಗ ಮುಟ್ಟುವುದರಿಂದ ಹಾಗೆ ಮಾಡಿದರೂ ಕೆಡುವುದಿಲ್ಲ. ದೊಡ್ಡದಕ್ಕೆ ತಣ್ಣೀರೇ ಸರಿ.

ನೀರು ಕುದಿಗೆ ಬಂದ ಕೂಡಲೇ ಉರಿಯನ್ನು ಇನ್ನೂ ತಗ್ಗಿಸಬೇಕು. ಪಾತ್ರೆಯ ಬದಿಯಲ್ಲಿ ಸಣ್ಣ ಗುಳ್ಳೆಗಳು ಏಳುತ್ತಿರಬೇಕು, ಗಡ್ಡೆಗಳು ಕದಲಬಾರದು. ನಿಂಬೆಹಣ್ಣಿನ ಗಾತ್ರದ್ದಕ್ಕೆ ಅಲ್ಲಿಂದ ಮುಂದೆ ಹದಿನೈದು ನಿಮಿಷದಷ್ಟು ಹೊತ್ತು ಹಿಡಿಯುತ್ತದೆ. ಎಲ್ಲವನ್ನೂ ಚುಚ್ಚಿ ನೋಡಬಾರದು. ಚುಚ್ಚಿದ ಕಡೆಯಿಂದಲೇ ಬಿರುಕು ಹೊರಡುತ್ತದೆ. ಒಂದನ್ನು ಮಾತ್ರ ಪರೀಕ್ಷೆಗೆ ಮೀಸಲಿಟ್ಟು, ತೆಂಗಿನ ಗರಿಯ ಕಡ್ಡಿಯಿಂದ ಚುಚ್ಚಬೇಕು. ಕಡ್ಡಿ ನಡುವಿನವರೆಗೆ ಇಳಿದು, ಕೊನೆಯಲ್ಲಿ ಸ್ವಲ್ಪವೇ ತಡೆದಂತೆನಿಸಿದರೆ ಅದೇ ಹದ. ಕೂಡಲೇ ನೀರು ಬಸಿಯಬೇಕು. ಒಳಗಿರುವ ಕಾವು ಉಳಿದ ಕೆಲಸವನ್ನು ಮುಗಿಸುತ್ತದೆ. ಬಿಸಿನೀರಿನಲ್ಲಿಯೇ ಬಿಟ್ಟು ಮರೆತರೆ ಒಲೆ ಆರಿದ್ದರೂ ಪಾಕ ಮುಂದುವರಿಯುತ್ತದೆ. ಬಸಿದ ಮೇಲೆ ಬರಿಯ ಪಾತ್ರೆಯನ್ನು ಆರಿದ ಒಲೆಯ ಮೇಲೆ ಎರಡು ನಿಮಿಷ ತೆರೆದಿಟ್ಟರೆ ಮೈಯ ನೀರು ಆರಿ ಗಡ್ಡೆ ಗಟ್ಟಿಯಾಗಿ ನಿಲ್ಲುತ್ತದೆ.

ಈಗಿನ ಮನೆಗಳಲ್ಲಿ ಪ್ರೆಷರ್ ಕುಕ್ಕರಿಲ್ಲದೆ ಬೆಳಗಾಗುವುದಿಲ್ಲ. ಅದರೊಳಗಿನ ಶಾಖ ಸುಮಾರು 120 ಡಿಗ್ರಿಯನ್ನು ಮುಟ್ಟುತ್ತದೆ. ಅವಸರಪಟ್ಟು ತೂಕವನ್ನು ಎತ್ತಿ ಆವಿಯನ್ನು ಒಮ್ಮೆಗೇ ಬಿಟ್ಟರೆ ಒತ್ತಡ ತಟ್ಟನೆ ಇಳಿಯುತ್ತದೆ. ಗಡ್ಡೆಯೊಳಗಿನ ನೀರು ಇದ್ದಲ್ಲಿಯೇ ಆವಿಯಾಗಿ ಗಡ್ಡೆಯನ್ನು ಸೀಳುತ್ತದೆ. ಕುಕ್ಕರನ್ನೇ ಬಳಸುವುದಾದರೆ ಗಡ್ಡೆಗಳನ್ನು ನೀರಿನಲ್ಲಿ ಮುಳುಗಿಸದೆ, ಒಳಪಾತ್ರೆಯಲ್ಲಿ ನೀರಿಲ್ಲದೆ ಇಟ್ಟು, ಒಂದು ಕೂಗು ಬಂದೊಡನೆ ಉರಿ ಆರಿಸಿ, ಒತ್ತಡ ತಾನಾಗಿ ಇಳಿಯುವವರೆಗೆ ಕಾಯಬೇಕು.

ಇನ್ನು ಹುಳಿಯ ಮಾತು. ತರಕಾರಿ ಬೇಯುವ ಮೊದಲೇ ಹುಣಿಸೆಹಣ್ಣಿನ ರಸ ಹಾಕಬಾರದೆಂಬುದು ನಮ್ಮ ಅಡಿಗೆಮನೆಗಳಲ್ಲಿ ಮಕ್ಕಳಿಗೂ ತಿಳಿದ ನಿಯಮ. ಹಾಕಿದರೆ ಬೇಳೆಯೂ ಬೇಯದು, ಗಡ್ಡೆಯೂ ಬೇಯದು. ಕಾರಣವೇನೆಂದರೆ ಹುಳಿ ಇರುವಲ್ಲಿ ಪೆಕ್ಟಿನ್ ಕರಗಲು ಒಪ್ಪುವುದಿಲ್ಲ. ಈ ತೊಡಕನ್ನೇ ಉಪಾಯವಾಗಿ ಬಳಸಿಕೊಳ್ಳಬಹುದು. ಗಡ್ಡೆ ಮುಕ್ಕಾಲುಪಾಲು ಬೆಂದಾಗ ಹುಣಿಸೆರಸ ಹೊಯ್ದರೆ ಅಲ್ಲಿಂದ ಮುಂದೆ ಅದು ಬಹಳ ನಿಧಾನವಾಗಿ ಮೆತ್ತಗಾಗುತ್ತದೆ. ಹುಳಿ ಎಷ್ಟು ಕುದಿದರೂ ಹೋಳು ಹೋಳಾಗಿಯೇ ಇರುತ್ತದೆ. ಅಡಿಗೆ ಸೋಡ ಇದಕ್ಕೆ ನೇರ ವಿರೋಧಿ. ಒಂದು ಚಿಟಿಕೆ ಬಿದ್ದರೂ ಗಾರೆ ಬೇಗ ಕರಗುತ್ತದೆ. ಕೊಳವೆಬಾವಿಯ ಗಡಸು ನೀರಿನಲ್ಲಿ ಬೇಳೆ ಬೇಯುವುದಿಲ್ಲವೆಂದು ಮನೆಯವರು ದೂರುತ್ತಾರಲ್ಲ, ಆ ನೀರಿನಲ್ಲಿರುವ ಕ್ಯಾಲ್ಸಿಯಂ ಆಲೂಗಡ್ಡೆಯ ಮೈ ಉಳಿಸುತ್ತದೆ. ಬೂದುಗುಂಬಳದ ಹೋಳುಗಳನ್ನು ಸುಣ್ಣದ ತಿಳಿಯಲ್ಲಿ ನೆನೆಸಿ ಪಾಕಕ್ಕೆ ಹಾಕಿ ಆಗ್ರಾದ ಪೇಠಾ ಮಾಡುವವರು ಬಳಸುವುದೂ ಇದೇ ತತ್ತ್ವವನ್ನು.

ಕೊನೆಯದಾಗಿ ಆರಿಸುವ ಮಾತು. ಬೆಂದ ಗಡ್ಡೆಯನ್ನು ಬಿಸಿಯಾಗಿರುವಾಗಲೇ ಕೊಯ್ದು ಬಾಣಲೆಗೆ ಹಾಕಿ ಸೌಟಿನಿಂದ ಕೆದಕಿದರೆ ಅದು ಮುದ್ದೆಯಾಗದೆ ಬೇರೇನಾದೀತು? ಎರಡು ಮೂರು ಗಂಟೆ ಪೂರ್ತಿ ಆರಲು ಬಿಟ್ಟರೆ ಉಬ್ಬಿದ ಪಿಷ್ಟ ಮತ್ತೆ ಬಿಗಿದುಕೊಂಡು ಕತ್ತಿಯ ಅಂಚಿಗೆ ನುಣುಪಾಗಿ ಕೊಯ್ಯಿಸಿಕೊಳ್ಳುತ್ತದೆ. ಒಗ್ಗರಣೆಗೆ ಹಾಕಿದ ಮೇಲೂ ಸೌಟಿನಿಂದ ತಿರುವುವುದಕ್ಕಿಂತ ಬಾಣಲೆಯನ್ನೇ ಹಿಡಿದು ಕುಲುಕುವುದು ಲೇಸು.

ಇಷ್ಟನ್ನೂ ನಾನು ಕಲಿತದ್ದು ಆ ಆರು ವಾರಗಳಲ್ಲಿ. ಪೆಕ್ಟಿನ್, ಕಿಣ್ವ, ಡಿಗ್ರಿಗಳ ವಿಚಾರವನ್ನು ಪುಸ್ತಕಗಳಲ್ಲಿ ಓದಿ ತಿಳಿದುಕೊಂಡೆ. ಆದರೆ ಪುಸ್ತಕದ ಒಂದೊಂದು ಸಂಗತಿಯನ್ನು ಹಿಡಿದು ಉತ್ಸಾಹದಿಂದ ಅಡಿಗೆಮನೆಗೆ ಹೋದಾಗಲೂ ಆಕೆ ಅದನ್ನು ಮೊದಲೇ ಬಲ್ಲವಳಾಗಿದ್ದಳು. "ಹುಳಿ ಆಮೇಲೆ", "ಉರಿ ಸಣ್ಣಗೆ", "ಆರಲಿ, ಈಗಲೇ ಕೊಯ್ಯಬೇಡಿ" ಎಂಬ ಎರಡು ಮೂರು ಶಬ್ದಗಳ ವಾಕ್ಯಗಳಲ್ಲಿ ಆ ಶಾಸ್ತ್ರವೆಲ್ಲ ಆಕೆಯ ಬಳಿ ಇತ್ತು. ನಾಲ್ಕು ದಶಕ ಒಂದೇ ಸೂರಿನಡಿ ಇದ್ದೂ ನಾನು ಆ ವಾಕ್ಯಗಳನ್ನು ಕೇಳಿಸಿಕೊಂಡಿರಲಿಲ್ಲ. ಕೇಳಿಸಿಕೊಳ್ಳುವ ಸಂದರ್ಭವನ್ನೇ ತಂದುಕೊಂಡಿರಲಿಲ್ಲ. ಪಾಕದ ಬಗ್ಗೆ ತರಗತಿಯಲ್ಲಿ ಉಪನ್ಯಾಸ ಮಾಡಿ ಬರುತ್ತಿದ್ದವನ ಎಲೆಗೆ ಪಾಕವನ್ನು ಬಲ್ಲವಳು ಮೌನವಾಗಿ ಬಡಿಸುತ್ತಿದ್ದಳು.

ಎರಡನೆಯ ಪಾತಿ ಆಗಿನ್ನೂ ಹಸಿರಾಗಿತ್ತು. ಮೊದಲಿನ ಅನುಭವವಾದ ಮಾರನೆಯ ದಿನವೇ, ಅಜ್ಜಿ ಹೇಳಿದಂತೆ, ಪಕ್ಕದಿಂದ ಮಣ್ಣು ಸರಿಸಿ ಒಂದು ಬೊಗಸೆ ಗಡ್ಡೆ ತೆಗೆದೆ. ಹೆಬ್ಬೆರಳಿಗೆ ಸಿಪ್ಪೆ ಸುಲಿದು ಬಂತು. ಉಪ್ಪುನೀರಿನಲ್ಲಿ ತೇಲಿದವು. ತಣ್ಣೀರಿನಲ್ಲಿಟ್ಟು, ಪತ್ರಿಕೆಯನ್ನು ಹೊರಗೆ ಬಿಟ್ಟು, ಒಲೆಯ ಮುಂದೆಯೇ ನಿಂತೆ. ಆಕೆ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕುಳಿತಿದ್ದಳು. ಒಂದು ಮಾತೂ ಆಡಲಿಲ್ಲ. ನೀರು ಸಣ್ಣಗೆ ಗುಳ್ಳೆ ಏಳತೊಡಗಿದಾಗ ನಾನು ಉರಿ ತಗ್ಗಿಸಿದ್ದನ್ನು ಕಂಡು ತಲೆದೂಗಿದಳು. ಕಡ್ಡಿ ಇಳಿಯಿತು, ಬಸಿದೆ, ಆರಿಸಿದೆ. ಸಾಸಿವೆ, ಒಣಮೆಣಸಿನಕಾಯಿ, ಕರಿಬೇವಿನ ಒಗ್ಗರಣೆಯಲ್ಲಿ ಇಡಿ ಗಡ್ಡೆಗಳನ್ನು ಕುಲುಕಿ ತಟ್ಟೆಗೆ ಹಾಕಿ ಮುಂದಿಟ್ಟೆ. ಎಡಗೈಯ ಚಮಚದಿಂದ ಒಂದನ್ನು ಒತ್ತಿದಳು. ಅದು ಎರಡು ಹೋಳಾಗಿ ನುಣುಪಾಗಿ ಬಿಚ್ಚಿತು, ಪುಡಿಯಾಗಲಿಲ್ಲ. ತಿಂದು, "ಉಪ್ಪು ಇನ್ನೊಂದು ಚೂರು ಇರಬಹುದಾಗಿತ್ತು" ಎಂದಳು. ಮಾರನೆಯ ದಿನ ಇನ್ನೊಂದು ಬೊಗಸೆ ತೆಗೆದು, ಉಪ್ಪನ್ನು ಒಂದು ಚೂರು ಹೆಚ್ಚಿಗೆ ಹಾಕಿದೆ.